ವಿಮಾನ ಹತ್ತಲಿಲ್ಲ, ಘಟ್ಟ ಹತ್ತಿದ: ನೇತ್ರಾಣಿಯಿಂದ ಆಲ್ದೂರಿಗೆ ಬಂದ ಒಬ್ಬ ಡೈವರ್‌ನ ಪ್ರಕರಣ

ವಯಸ್ಸು 31. ಕಾಫಿ ಬೆಳೆಗಾರ, ಆಲ್ದೂರು ಕಡೆಯವನು. ಹಿಂದಿನ ಸಂಜೆಯಿಂದ ಎಡಹೆಗಲಿನಲ್ಲಿ ನೋವು, ಬೆಳಗಿನಿಂದ ಎಡಗೈ ಹೆಬ್ಬೆರಳ ಕಡೆ ಜೋಮು, ಯಾವತ್ತೂ ಇಲ್ಲದ ಸುಸ್ತು. ಜ್ವರವಿಲ್ಲ, ಬಿದ್ದಿಲ್ಲ, ಪೆಟ್ಟಾಗಿಲ್ಲ. 2023ರ ಡಿಸೆಂಬರ್, ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಚಿಕ್ಕಮಗಳೂರಿನ ನನ್ನ ಕ್ಲಿನಿಕ್ಕಿಗೆ ಬಂದ.

ಡಿಸೆಂಬರ್ ಎಂದರೆ ಅರೇಬಿಕಾ ಕುಯ್ಲು. ಹೆಗಲು ನೋವು, ಸೊಂಟ ನೋವು ಎಂದು ಬರುವವರಿಗೆ ಲೆಕ್ಕವೇ ಇರುವುದಿಲ್ಲ. ಇವನೂ ಒಳಗೆ ಬಂದು ಕೂತು ಬಲಗೈಯಲ್ಲಿ ಎಡ ಮೊಣಕೈಯನ್ನು ಹಿಡಿದುಕೊಂಡ. ಮಗುವನ್ನು ಎತ್ತಿಕೊಂಡ ಹಾಗೆ. ಅದೊಂದು ನನ್ನ ಕಣ್ಣಿಗೆ ಬಿತ್ತು. ಆಮೇಲೆ ಹೇಳಿದ, "ಡಾಕ್ಟ್ರೇ, ನಿನ್ನೆ ರಾತ್ರಿ ಮುರುಡೇಶ್ವರದಿಂದ ಬಂದೆ. ಡೈವಿಂಗ್ ಕೋರ್ಸ್ ಮುಗೀತು." ಈ ಒಂದು ಮಾತು ಬರದೇ ಹೋಗಿದ್ದರೆ ನೋವಿನ ಮಾತ್ರೆ ಬರೆದು ಕಳಿಸಿಬಿಡುತ್ತಿದ್ದೆನೋ ಏನೋ. ನೆನೆಸಿಕೊಂಡರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಪ್ರಕರಣವನ್ನು ಬರೆಯಲು ಅವನ ಮತ್ತು ಅವನ ತಾಯಿಯ ಒಪ್ಪಿಗೆ ಇದೆ. ಹೆಸರು ಬೇಡ. ಮಲೆನಾಡಿನಿಂದ ಕಡಲಿಗೆ ಡೈವ್ ಮಾಡಲು, ಎಂದರೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿನಾಳಕ್ಕೆ ಇಳಿಯಲು, ಹೋಗುವ ಹುಡುಗರು, ಹುಡುಗಿಯರು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದ್ದಾರೆ. ಅವರು ಇದನ್ನು ಓದಲಿ ಎಂದು ಬರೆಯುತ್ತಿದ್ದೇನೆ.

ಹಿನ್ನೆಲೆ

ನಾವು ಆರು ಜನ ಲಕ್ಷದ್ವೀಪದ ಕಡಮತ್‌ಗೆ ಹೋಗಬೇಕು, ಅಲ್ಲಿನ ಹವಳದ ದಿಬ್ಬಗಳನ್ನು ನೋಡಬೇಕು ಎಂದು ಎರಡು ವರ್ಷದಿಂದ ಮಾತಾಡಿಕೊಂಡಿದ್ದೆವು. ನಾನು ಡೈವಿಂಗ್ ಕಲಿತದ್ದು ಅಂಡಮಾನಿನಲ್ಲಿ, ಹತ್ತು ವರ್ಷದ ಹಿಂದೆ. ಉಳಿದವರಲ್ಲಿ ಇವನೂ ಸೇರಿ ಮೂವರಿಗೆ ಸರ್ಟಿಫಿಕೇಟ್ ಇರಲಿಲ್ಲ. ಅಷ್ಟು ದೂರದ ದ್ವೀಪಕ್ಕೆ ಹೋಗಿ ಮೊದಲ ಪಾಠ ಕಲಿಯುವ ಬದಲು ಇಲ್ಲೇ ಮುರುಡೇಶ್ವರದಲ್ಲಿ ಓಪನ್ ವಾಟರ್ ಎಂಬ ಮೊದಲ ಹಂತದ ಕೋರ್ಸ್ ಮುಗಿಸಿಕೊಳ್ಳಿ ಎಂದವನು ನಾನೇ. ಕುಯ್ಲು ಜೋರಾಗುವ ಮೊದಲು ಮುಗಿಸುತ್ತೇವೆ ಎಂದು ಅವರು ಹೊರಟದ್ದು ಡಿಸೆಂಬರ್ ಮೊದಲ ವಾರದಲ್ಲಿ.

ನೇತ್ರಾಣಿ ಭಟ್ಕಳ ತಾಲ್ಲೂಕಿನ ದ್ವೀಪ. ಮುರುಡೇಶ್ವರದ ದಡದಿಂದ ಸುಮಾರು 19 ಕಿಲೋಮೀಟರ್. ಲಕ್ಷದ್ವೀಪದ ಹಾಗೆ ಲಗೂನ್ (ಹವಳದ ಅಂಚಿನೊಳಗಿನ ಆಳವಿಲ್ಲದ ನೀರು) ಕಟ್ಟಿಕೊಂಡ ಹವಳದ್ವೀಪ ಅಲ್ಲ ಅದು. ಕಡಲಿನಿಂದ ನೇರವಾಗಿ ಎದ್ದ ಬಂಡೆ. ಆ ಬಂಡೆಯ ಬುಡದಲ್ಲಿ, ನೀರಿನೊಳಗೆ, ಹವಳ ಹಿಡಿದು ಬೆಳೆದಿದೆ. ಮಳೆಗಾಲ ಕಳೆದ ಮೇಲೆ ನೀರು ತಿಳಿಯಾಗುತ್ತದೆ. ಮೊದಲ ಸಲ ಇಳಿದವರಿಗೆ ಗಿಳಿಮೀನು, ಚಿಟ್ಟೆಮೀನುಗಳ ಹಿಂಡು ಕಂಡರೆ ಸಾಕು, ಮೇಲೆ ಬರಲು ಮನಸ್ಸಾಗುವುದಿಲ್ಲ.

ಹೊರಡುವ ಮುಂಚೆ ಅವನು ಸ್ವಂತಕ್ಕೆ ಒಂದು ಡೈವ್ ಕಂಪ್ಯೂಟರ್ ಕೊಂಡಿದ್ದ. ಕೈಗಡಿಯಾರದ ಹಾಗೆ ಕಟ್ಟಿಕೊಳ್ಳುವಂಥದ್ದು. ಎಷ್ಟು ಆಳ, ಎಷ್ಟು ಹೊತ್ತು, ಎಷ್ಟು ವೇಗದಲ್ಲಿ ಮೇಲೆ ಬಂದ, ಎಲ್ಲವನ್ನೂ ಅದು ಬರೆದಿಟ್ಟುಕೊಳ್ಳುತ್ತದೆ. ಕ್ಲಿನಿಕ್ಕಿನಲ್ಲಿ ಅದನ್ನು ಬಿಚ್ಚಿಸಿ ನೋಡಿದೆ. ಕೊನೆಯ ದಿನ ಎರಡು ಡೈವ್. ಮೊದಲನೆಯದು 17.4 ಮೀಟರ್, 38 ನಿಮಿಷ. ಒಂದು ಗಂಟೆ ದೋಣಿಯಲ್ಲಿ ವಿರಾಮ. ಎರಡನೆಯದು 14.6 ಮೀಟರ್, 42 ನಿಮಿಷ. ಹಿಂದಿನ ದಿನವೂ ಎರಡು. ಮಿತಿ ಮೀರಿದ ಡೈವ್ ಒಂದೂ ಇಲ್ಲ. ಓಪನ್ ವಾಟರ್ ಕಲಿಯುವವರಿಗೆ 18 ಮೀಟರ್ ಮಿತಿ, ಅದರೊಳಗೇ ಇದ್ದಾನೆ. ಆದರೆ ಕೊನೆಯ ಡೈವ್‌ನ ಕೊನೆಯ ಆರು ಮೀಟರ್‌ನಲ್ಲಿ ಗೆರೆ ಸರ್ರನೆ ಮೇಲಕ್ಕೆ ಹೋಗಿತ್ತು. ನೀರಿನ ಸೆಳೆತದಲ್ಲಿ ಹಗ್ಗದ ಹಿಡಿತ ತಪ್ಪಿ ತೇಲಿಬಿಟ್ಟಿದ್ದನಂತೆ. ಐದು ಮೀಟರ್ ಆಳದಲ್ಲಿ ಮೂರು ನಿಮಿಷ ನಿಲ್ಲುವ ಸೇಫ್ಟಿ ಸ್ಟಾಪ್ ಆಗಿಲ್ಲ. ನೀರಿನಿಂದ ಎದ್ದದ್ದು 12 ಗಂಟೆ 10 ನಿಮಿಷಕ್ಕೆ.

ದೋಣಿಯಲ್ಲಿ ಎರಡು ಸಲ ವಾಂತಿ ಮಾಡಿಕೊಂಡಿದ್ದ. ದೋಣಿಯಲ್ಲಿ ಶೌಚಾಲಯ ಇಲ್ಲ ಎಂದು ಬೆಳಗಿನಿಂದ ನೀರು ಸರಿಯಾಗಿ ಕುಡಿದೇ ಇರಲಿಲ್ಲ. ಕೇಳಿದ ಮೇಲೆ ಹೇಳಿದ ಮಾತು ಇದು.

ಆ ಸಂಜೆ, ಆ ರಾತ್ರಿ

ಎರಡು ಗಂಟೆಗೆ ದಡ. ಊಟ. ಎರಡೂ ಮುಕ್ಕಾಲಿಗೆ ಕಾರು ಹೊರಟಿತು. ಮರುದಿನ ಬೆಳಗ್ಗೆ ಕುಯ್ಲಿಗೆ ಆಳು ಬರುವವರಿದ್ದರು, ತೋಟದ ಲೆಕ್ಕ ನೋಡುವ ರೈಟರ್ ರಜೆಯಲ್ಲಿದ್ದ. ಆದ್ದರಿಂದ ಉಳಿದುಕೊಳ್ಳುವ ಮಾತೇ ಇರಲಿಲ್ಲ. ಕುಂದಾಪುರ, ಉಡುಪಿ, ಹೆಬ್ರಿ, ಸೋಮೇಶ್ವರ. ಅಲ್ಲಿಂದ ಆಗುಂಬೆ ಘಾಟಿ. ಆರು ಗಂಟೆಗೆ ಘಾಟಿಯ ತುದಿಯಲ್ಲಿ ನಿಂತು ಸೂರ್ಯ ಮುಳುಗುವುದನ್ನು ನೋಡಿ ಫೋಟೊ ತೆಗೆದುಕೊಂಡಿದ್ದಾರೆ. ಅದರಲ್ಲಿ ಒಂದರಲ್ಲಿ ಅವನ ಎಡ ಮುಂಗೈ ಹತ್ತಿರದಲ್ಲೇ ಬಂದಿದೆ. ಕಂಪ್ಯೂಟರಿನ ಪರದೆಯ ಮೂಲೆಯಲ್ಲಿ ಒಂದು ಪುಟ್ಟ ವಿಮಾನದ ಚಿತ್ರ ಕಾಣುತ್ತದೆ.

ಆ ಚಿತ್ರದ ಅರ್ಥ ಇಷ್ಟೇ. ದೇಹದಲ್ಲಿ ಇನ್ನೂ ನೈಟ್ರೋಜನ್ ಉಳಿದಿದೆ, ವಿಮಾನ ಹತ್ತಬೇಡ. ಅವನು ಅದನ್ನು ನೋಡಿದ್ದ. ಕೋರ್ಸಿನಲ್ಲಿ ಹೇಳಿಕೊಟ್ಟದ್ದೂ ನೆನಪಿತ್ತು. "ನಾವೇನು ಫ್ಲೈಟಲ್ಲಿ ಹೋಗ್ತಿಲ್ವಲ್ಲ ಡಾಕ್ಟ್ರೇ" ಎಂದ.

ಶೃಂಗೇರಿ ದಾಟುವ ಹೊತ್ತಿಗೆ ಹೆಗಲಿನಲ್ಲಿ ಏನೋ ಹಿಡಿದ ಹಾಗೆ. ಸಿಲಿಂಡರ್ ಎತ್ತಿಳಿಸಿದ್ದಕ್ಕಿರಬೇಕು ಎಂದುಕೊಂಡ. ಜಯಪುರ, ಬಾಳೆಹೊನ್ನೂರು ದಾಟಿ ಒಂಬತ್ತಕ್ಕೆ ಮನೆ ಮುಟ್ಟಿದಾಗ ತಟ್ಟೆ ಹಿಡಿಯಲು ಬಲಗೈಯೇ ಬೇಕಾಯಿತು. ತೋಟದ ಮನೆ ಇರುವುದು ಸುಮಾರು 1,100 ಮೀಟರ್ ಎತ್ತರದಲ್ಲಿ.

ಅವನ ತಾಯಿ ಬಚ್ಚಲೊಲೆಗೆ ಮತ್ತೆ ಬೆಂಕಿ ಹಾಕಿದರು. ಮಗ ಉಪ್ಪುನೀರಲ್ಲಿ ಮೂರು ದಿನ ನೆಂದು ಬಂದಿದ್ದಾನೆ, ಮೈ ಕೈ ನೋವು ಎನ್ನುತ್ತಿದ್ದಾನೆ. ಮಲೆನಾಡಿನ ಯಾವ ತಾಯಿ ಸುಮ್ಮನಿದ್ದಾಳು? ಹೆಗಲಿಗೆ ಎಣ್ಣೆ ಹಚ್ಚಿ ತಿಕ್ಕಿ, ತಾಮ್ರದ ಹಂಡೆಯ ಸುಡುಸುಡು ನೀರನ್ನು ಚೊಂಬಿನಿಂದ ಹೆಗಲ ಮೇಲೇ ಹೊಯ್ದರು. ಹೊಯ್ಯುವಾಗ ಹಾಯೆನಿಸಿತಂತೆ. ಅರ್ಧ ಗಂಟೆಯಲ್ಲಿ ನೋವು ಇಮ್ಮಡಿಯಾಯಿತು. ಒತ್ತಿದರೆ ಹೆಚ್ಚಾಗುವುದಿಲ್ಲ, ಕೈ ಎತ್ತಿದರೂ ಹೆಚ್ಚಾಗುವುದಿಲ್ಲ. ಮೂಳೆಯ ಒಳಗೆಲ್ಲೋ ಕೊರೆಯುವ ನೋವು. ಡೈವಿಂಗ್ ಕಲಿಸಿದವರಿಗೆ ಫೋನ್ ಮಾಡಿದ. "ಮೊದಲ ಸಲ ಅಲ್ವಾ, ಮೈಕೈ ನೋವು ಇದ್ದೇ ಇರುತ್ತೆ, ಮಲಗಿದ್ರೆ ಹೋಗುತ್ತೆ" ಎಂದರು ಆ ಕಡೆಯವರು. ಯಾವ ಊರಿನಿಂದ ಮಾತಾಡುತ್ತಿದ್ದೀಯ ಎಂದು ಅವರು ಕೇಳಲಿಲ್ಲ. ನಿದ್ದೆ ಬರಲಿಲ್ಲ.

ಬೆಳಗ್ಗೆ ಉಳುಕು ತೆಗೆಯುವವರನ್ನು ಕರೆಸೋಣ ಎಂಬ ಮಾತಾಯಿತು. ಅಷ್ಟರಲ್ಲಿ ಆಳು ಬಂದರು. ಅವನು ಜೀಪು ಹತ್ತಿ ತೋಟದ ಮೇಲ್ತುದಿಗೆ ಹೋದ. ಮನೆಯಿಂದ ಇನ್ನೂ ನೂರೈವತ್ತು ಮೀಟರ್ ಮೇಲೆ. ಅಲ್ಲಿ ಹೆಬ್ಬೆರಳು ಜೋಮು ಹಿಡಿಯಿತು. ಹಣ್ಣಿನ ಚೀಲಕ್ಕೆ ಕೈ ಹಾಕಿದರೆ ಮುಷ್ಟಿ ಬಿಗಿಯಾಗಲಿಲ್ಲ. ಆಗ ನನಗೆ ಫೋನ್ ಬಂತು.

ಪರೀಕ್ಷೆ

ಎಡಹೆಗಲು ನೋವು ಎಂದ ಮೇಲೆ ವಯಸ್ಸು ಎಷ್ಟೇ ಆಗಿರಲಿ, ಮೊದಲು ಇಸಿಜಿ. ಸರಿಯಾಗಿತ್ತು. ಕುತ್ತಿಗೆಯ ಡಿಸ್ಕ್ ಜಾರಿದರೂ ಹೀಗೆ ಜೋಮು ಬರಬಹುದು. ಆದರೆ ಕುತ್ತಿಗೆ ಹೇಗೆ ತಿರುಗಿಸಿದರೂ ವ್ಯತ್ಯಾಸವಿಲ್ಲ. ಎಡ ಮುಂಗೈಯ ಹೊರಭಾಗದಲ್ಲಿ ಸೂಜಿ ಚುಚ್ಚಿದ್ದು ಬಲಗಡೆಯಷ್ಟು ಚುರುಕಾಗಿ ಗೊತ್ತಾಗುತ್ತಿಲ್ಲ. ಮುಷ್ಟಿಯ ಬಲ ಸ್ವಲ್ಪ ಕಡಿಮೆ. ಒಂದು ಪಾದದ ಹಿಂದೆ ಇನ್ನೊಂದನ್ನು ಇಟ್ಟು, ಎದೆಗೆ ಕೈಕಟ್ಟಿ, ಕಣ್ಣು ಮುಚ್ಚಿ ನಿಲ್ಲು ಎಂದೆ. ಹತ್ತು ಸೆಕೆಂಡಿಗೆ ವಾಲಿದ. ಮೂರು ಸಲ ಮಾಡಿಸಿದೆ, ಮೂರು ಸಲವೂ ಎಡಕ್ಕೇ.

ಇದು ಬರೀ ಕೀಲುನೋವಲ್ಲ, ನರಕ್ಕೂ ತಾಗಿದೆ. ಡಿಕಂಪ್ರೆಷನ್ ಸಿಕ್‌ನೆಸ್. ಡೈವರ್‌ಗಳ ಬಾಯಲ್ಲಿ ಬೆಂಡ್ಸ್. ಇದನ್ನು ತೋರಿಸಿಕೊಡುವ ರಕ್ತಪರೀಕ್ಷೆ ಇಲ್ಲ, ಎಕ್ಸ್‌ರೇ ಇಲ್ಲ. ಇತಿಹಾಸ ಕೇಳಿ, ಮೈಮುಟ್ಟಿ ನೋಡಿಯೇ ನಿರ್ಧಾರಕ್ಕೆ ಬರಬೇಕು. ಅಮೆರಿಕದ ನೌಕಾಪಡೆಯ ಡೈವಿಂಗ್ ಕೈಪಿಡಿಯ ಪ್ರಕಾರ ಶೇ. 42ರಷ್ಟು ಪ್ರಕರಣಗಳಲ್ಲಿ ಲಕ್ಷಣ ಒಂದು ಗಂಟೆಯೊಳಗೇ ಕಾಣಿಸಿಕೊಳ್ಳುತ್ತದೆ, ಶೇ. 83ರಷ್ಟರಲ್ಲಿ ಎಂಟು ಗಂಟೆಯೊಳಗೆ. ಇವನಿಗೆ ಶುರುವಾದದ್ದು ಏಳನೇ ಗಂಟೆಯ ಸುಮಾರಿಗೆ, ಘಾಟಿ ಹತ್ತಿ ಒಂದು ಗಂಟೆಗೆ.

ಏನಾಗಿತ್ತು

ಹತ್ತು ಮೀಟರ್ ಕಡಲಿನೊಳಕ್ಕೆ ಇಳಿದರೆ ಮೈಮೇಲಿನ ಒತ್ತಡ ಒಂದು ವಾತಾವರಣದಷ್ಟು ಏರುತ್ತದೆ. ಹದಿನೇಳು ಮೀಟರಿನಲ್ಲಿ ನೆಲದ ಮೇಲಿನದಕ್ಕಿಂತ ಹೆಚ್ಚುಕಡಿಮೆ 2.7 ಪಟ್ಟು. ಉಸಿರಾಡುವ ಗಾಳಿಯಲ್ಲಿ ಶೇ. 78 ನೈಟ್ರೋಜನ್. ಒತ್ತಡ ಏರಿದಷ್ಟೂ ಅದು ರಕ್ತದಲ್ಲಿ, ಕೊಬ್ಬಿನಲ್ಲಿ, ನರಗಳಲ್ಲಿ ಕರಗಿ ಕೂರುತ್ತದೆ. ಮೇಲೆ ಬಂದ ತಕ್ಷಣ ಅದೆಲ್ಲ ಹೊರಟುಹೋಗುವುದಿಲ್ಲ. ಉಸಿರಿನ ಮೂಲಕ ಗಂಟೆಗಟ್ಟಲೆ ನಿಧಾನವಾಗಿ ಹೋಗಬೇಕು. ಹೋಗಲು ಬಿಡದೆ ಒತ್ತಡ ಇಳಿಸಿದರೆ ಇದ್ದಲ್ಲೇ ಗುಳ್ಳೆಯಾಗುತ್ತದೆ.

ಇದು ಹಳೆಯ ಕಥೆ. ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಯ ಪಾಯ ತೋಡಲು ಒತ್ತಡದ ಪೆಟ್ಟಿಗೆಗಳಲ್ಲಿ ದುಡಿದ ಕೂಲಿಗಳು ಮೇಲೆ ಬಂದ ಮೇಲೆ ಕೀಲುನೋವಿನಿಂದ ನರಳಿದರು. ಅದರ ಮುಖ್ಯ ಎಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗ್ 1872ರಲ್ಲಿ ಇದೇ ಕಾಯಿಲೆಯಿಂದ ಹಾಸಿಗೆ ಹಿಡಿದರು. ಇಷ್ಟು ಆಳಕ್ಕೆ ಇಷ್ಟು ಹೊತ್ತು, ಹೀಗೆ ಹಂತಹಂತವಾಗಿ ಮೇಲೆ ಬನ್ನಿ ಎಂಬ ಲೆಕ್ಕವನ್ನು ಜೆ. ಎಸ್. ಹಾಲ್ಡೇನ್ ಮತ್ತು ಜೊತೆಗಾರರು 1908ರಲ್ಲಿ ಪ್ರಕಟಿಸಿದರು. ಅವರ ಪ್ರಯೋಗ ನಡೆದದ್ದು ಆಡುಗಳ ಮೇಲೆ. ಬೆಂಡ್ಸ್ ಬಂದ ಆಡು ನೋಯುವ ಮುಂಗಾಲನ್ನು ಮಡಚಿ ಎತ್ತಿಕೊಂಡು ನಿಲ್ಲುತ್ತಿತ್ತು. ಓದುವಾಗ ಮನಸ್ಸಿನಲ್ಲಿ ಉಳಿದಿದ್ದ ಆ ಆಡು, ಈ ಹುಡುಗ ಮೊಣಕೈ ಹಿಡಿದುಕೊಂಡು ಕೂತಾಗ ನನಗೆ ನೆನಪಾಯಿತು.

ಈಗ ಘಾಟಿಯ ವಿಷಯ. ಅವನ ತಾಯಿ ಜೊತೆಗೇ ಬಂದಿದ್ದರು. "ಬಿಸಿನೀರು ಹೊಯ್ದಿದ್ದಕ್ಕೆ ಹೀಗಾಯ್ತಾ ಡಾಕ್ಟ್ರೇ?" ಎಂದು ಕೇಳಿದರು. ಬಿಸಿ ತಗುಲಿದಾಗ ಕರಗಿದ ಗಾಳಿ ಬೇಗ ಗುಳ್ಳೆಯಾಗಬಹುದು, ಆದ್ದರಿಂದ ಡೈವ್ ಆದ ಮೇಲೆ ಕೆಲವು ಗಂಟೆ ಸುಡುನೀರಿನ ಸ್ನಾನ, ತಿಕ್ಕುವುದು ಬೇಡ ಎನ್ನುತ್ತಾರೆ. ನಿಜ. ಆದರೆ ನೋವು ಶುರುವಾದದ್ದು ಸ್ನಾನಕ್ಕೂ ಎರಡು ಗಂಟೆ ಮುಂಚೆ. ಅಮ್ಮನಿಗೆ ಅದನ್ನು ಅರ್ಥ ಮಾಡಿಸುವುದು ಹೇಗೆ ಎಂದು ಯೋಚಿಸುತ್ತಿರುವಾಗ ಅವನೇ ಒಂದು ದಾರಿ ತೋರಿಸಿದ. ಹೆಬ್ರಿಯಲ್ಲಿ ಚಿಪ್ಸ್ ಪ್ಯಾಕೆಟ್ ಕೊಂಡು ಡ್ಯಾಶ್‌ಬೋರ್ಡಿನ ಮೇಲೆ ಇಟ್ಟಿದ್ದರಂತೆ. ಆಗುಂಬೆ ತಲುಪುವಾಗ ಅದು ಬಿರಿಯುವ ಹಾಗೆ ಉಬ್ಬಿ ಕೂತಿತ್ತು. ನಾವೆಲ್ಲ ನೂರು ಸಲ ನೋಡಿದ್ದೇವೆ. "ಅಮ್ಮಾ, ಆ ಪ್ಯಾಕೆಟ್ಟಿಗೆ ಆದದ್ದೇ ಇವನ ಹೆಗಲಲ್ಲಿ ಆಯ್ತು. ಘಟ್ಟ ಹತ್ತಿದ ಹಾಗೆ ಹೊರಗಿನ ಒತ್ತಡ ಕಡಿಮೆಯಾಗಿ ಒಳಗಿನ ಗುಳ್ಳೆ ಉಬ್ಬಿತು. ನಿಮ್ಮ ಹಂಡೆಯದ್ದಲ್ಲ ತಪ್ಪು" ಎಂದೆ. ಅವರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಸಮುದ್ರಮಟ್ಟದಲ್ಲಿ ಒಂದು ವಾತಾವರಣ ಎಂದಿಟ್ಟುಕೊಂಡರೆ ಆಗುಂಬೆಯ ತುದಿಯಲ್ಲಿ 0.92ರ ಸುಮಾರು, ಅವನ ತೋಟದಲ್ಲಿ 0.88. ಡೈವರ್‌ಗಳ ಆರೋಗ್ಯಕ್ಕಾಗಿಯೇ ಇರುವ ಡೈವರ್ಸ್ ಅಲರ್ಟ್ ನೆಟ್‌ವರ್ಕ್ 2002ರಲ್ಲಿ ತಜ್ಞರನ್ನು ಸೇರಿಸಿ ನಿಯಮ ಮಾಡಿತು. ಒಂದೇ ಸಾಧಾರಣ ಡೈವ್ ಆಗಿದ್ದರೆ ವಿಮಾನಕ್ಕೆ ಮುಂಚೆ ಕನಿಷ್ಠ 12 ಗಂಟೆ. ದಿನಕ್ಕೆ ಒಂದಕ್ಕಿಂತ ಹೆಚ್ಚು ಡೈವ್ ಅಥವಾ ಹಲವು ದಿನದ ಡೈವಿಂಗ್ ಆಗಿದ್ದರೆ ಕನಿಷ್ಠ 18 ಗಂಟೆ. ಎಲ್ಲರೂ ಇಷ್ಟನ್ನು ಓದಿಕೊಂಡಿರುತ್ತಾರೆ. ಕೆಳಗಿನ ಸಾಲನ್ನು ಓದುವುದಿಲ್ಲ. ಈ ನಿಯಮ ಅನ್ವಯಿಸುವುದು 2,000 ಅಡಿಯಿಂದ 8,000 ಅಡಿವರೆಗಿನ ಎತ್ತರಕ್ಕೆ. 2,000 ಅಡಿ ಎಂದರೆ 610 ಮೀಟರ್. ಚಿಕ್ಕಮಗಳೂರು ಪೇಟೆ 1,090 ಮೀಟರ್ ಎತ್ತರದಲ್ಲಿದೆ. ಸಕಲೇಶಪುರ, ಮೂಡಿಗೆರೆ, ಹಾಸನ ಎಲ್ಲವೂ 900 ಮೀರಿದವು. ಮುಳ್ಳಯ್ಯನಗಿರಿ 1,930. ಕಡಲಲ್ಲಿ ಡೈವ್ ಮಾಡಿ ಅದೇ ಸಂಜೆ ನಮ್ಮೂರಿಗೆ ಬಂದವನು ವಿಮಾನ ಹತ್ತಿದವನೇ.

ನಾನು ಇದನ್ನು ಓದಿದ್ದೆ. ಹೊರಡುವ ಮುಂಚೆ ಅವರಿಗೆ ಮಾಸ್ಕ್ ಯಾವುದು ಕೊಳ್ಳಬೇಕು, ಕಿವಿ ಹೇಗೆ ಬಿಡಿಸಿಕೊಳ್ಳಬೇಕು, ಎಲ್ಲ ಹೇಳಿದೆ. ವಾಪಸ್ ಬರುವಾಗ ಒಂದು ರಾತ್ರಿ ಮುರುಡೇಶ್ವರದಲ್ಲೇ ಮಲಗಿ ಬನ್ನಿ ಎಂದು ಹೇಳಲಿಲ್ಲ. ನನಗೆ ಹೊಳೆಯಲೇ ಇಲ್ಲ. ಅವನಿಗೆ ಕಲಿಸಿದವರಿಗೂ ಹೊಳೆಯಲಿಲ್ಲ, ಅವರ ಫಾರಂನಲ್ಲಿ ಊರು ಚಿಕ್ಕಮಗಳೂರು ಎಂದು ಬರೆದಿದ್ದರೂ. ಕರಾವಳಿಯಲ್ಲೇ ಇರುವವರಿಗೆ ಇದು ನೆನಪಾಗದೇ ಇರಬಹುದು. ಘಟ್ಟದ ಮೇಲೆ ಹುಟ್ಟಿ ಬೆಳೆದ ವೈದ್ಯನಾದ ನನಗೆ ನೆನಪಾಗಬೇಕಿತ್ತು.

ಆಕ್ಸಿಜನ್, ಮತ್ತು ಬೆಂಗಳೂರು ದಾರಿ

ಮೊದಲ ಚಿಕಿತ್ಸೆ ಶುದ್ಧ ಆಕ್ಸಿಜನ್. ಉಸಿರಿನಲ್ಲಿ ನೈಟ್ರೋಜನ್ ಇಲ್ಲದಂತಾದರೆ ಒಳಗಿರುವುದು ಬೇಗ ಹೊರಬೀಳುತ್ತದೆ. ಮೂಗಿಗೆ ಸಣ್ಣ ನಳಿಕೆ ಹಾಕಿ ಎರಡು ಲೀಟರ್ ಬಿಟ್ಟರೆ ಸಾಲದು. ಚೀಲವಿರುವ ನಾನ್-ರಿಬ್ರೀದರ್ ಮಾಸ್ಕ್ ಬೇಕು, ನಿಮಿಷಕ್ಕೆ 15 ಲೀಟರ್. ಕೋವಿಡ್ ಕಾಲದಲ್ಲಿ ತಂದಿಟ್ಟ ಮಾಸ್ಕ್‌ಗಳು ನನ್ನ ಬೀರುವಿನಲ್ಲಿ ಇನ್ನೂ ಇದ್ದವು. ಹನ್ನೆರಡೂವರೆಗೆ ಮಾಸ್ಕ್ ಹಾಕಿ ಅಂಗಾತ ಮಲಗಿಸಿ ಸಲೈನ್ ಶುರು ಮಾಡಿದೆವು. ಮುಕ್ಕಾಲು ಗಂಟೆಯಲ್ಲಿ ಹೆಗಲ ನೋವು ಅರ್ಧಕ್ಕಿಳಿಯಿತು. ಜೋಮು ಹಾಗೇ ಇತ್ತು.

ಇಲ್ಲಿ ಒಂದು ಅಪಾಯ ಇದೆ. ನೋವು ಇಳಿಯಿತಲ್ಲ ಎಂದು ಅವನೇ ಹೇಳಿದ, "ಸಾಕು ಡಾಕ್ಟ್ರೇ, ಮನೆಗೆ ಹೋಗ್ತೀನಿ, ಆಳು ಕಾಯ್ತಿದಾರೆ." ಬಿಡಲಿಲ್ಲ. ಆಕ್ಸಿಜನ್ನಿಗೆ ನೋವು ತಗ್ಗಿತು ಎಂದರೆ ರೋಗ ಅದೇ ಎಂಬುದಕ್ಕೆ ಇನ್ನೊಂದು ಗುರುತು. ನರಕ್ಕೆ ತಾಗಿದ ಮೇಲೆ ಹೈಪರ್‌ಬೇರಿಕ್ ಚೇಂಬರ್, ಎಂದರೆ ಒತ್ತಡ ಏರಿಸಿ ಆಕ್ಸಿಜನ್ ಕೊಡುವ ಕೋಣೆ, ಬೇಕೇ ಬೇಕು. ಅದು ಇರುವ ಕಡೆಗಳೆಲ್ಲ ಡೈವರ್‌ಗಳಿಗೆ ಚಿಕಿತ್ಸೆ ಕೊಡುವುದಿಲ್ಲ. ಆರದ ಗಾಯಕ್ಕೆ ಬಳಸುವ ಚೇಂಬರ್‌ಗಳೇ ಹೆಚ್ಚು. ಐದಾರು ಕಡೆ ಫೋನ್ ಮಾಡಿದ ಮೇಲೆ ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯವರು ಆ ರಾತ್ರಿಯೇ ತೆಗೆದುಕೊಳ್ಳುತ್ತೇವೆ ಎಂದರು.

ದಾರಿಯ ಲೆಕ್ಕ ಹಾಕಿದೆವು. ಬೇಲೂರು, ಹಾಸನದ ಮೇಲೆ ಐದು ಗಂಟೆ. ಬೆಂಗಳೂರು 900 ಮೀಟರ್ ಚಿಲ್ಲರೆ, ನಮ್ಮೂರಿಗಿಂತ ತಗ್ಗು. ನಡುವೆ ಏರುವ ಬೆಟ್ಟ ಇಲ್ಲ. ಅದೊಂದು ಅದೃಷ್ಟ. ಆಕ್ಸಿಜನ್ ಐದು ಗಂಟೆಗೆ 4,500 ಲೀಟರ್. ಆಂಬುಲೆನ್ಸ್‌ನಲ್ಲಿ ಇಡುವ ಬಿ-ಟೈಪ್ ಸಿಲಿಂಡರಿನಲ್ಲಿ ಸುಮಾರು 1,500 ಲೀಟರ್, ಎಂದರೆ ನೂರು ನಿಮಿಷ. ಮೂರು ಬೇಕು, ಕೈಯಲ್ಲಿ ಇನ್ನೊಂದು ಇರಬೇಕು. ಇಲ್ಲಿ ಸಿಕ್ಕಿದ್ದು ಎರಡು. ಹಾಸನದಲ್ಲಿ ನನ್ನ ಜೊತೆ ಓದಿದ ಡಾಕ್ಟರೊಬ್ಬರು ಬೈಪಾಸ್ ಪಕ್ಕ ಇನ್ನೆರಡು ಇಟ್ಟುಕೊಂಡು ನಿಂತಿದ್ದರು. ಸ್ಪ್ಯಾನರ್ ಕೈಯಲ್ಲೇ ಹಿಡಿದಿದ್ದರು. ಬದಲಾಯಿಸಲು ಎರಡು ನಿಮಿಷವೂ ಆಗಲಿಲ್ಲ. ಅವರ ಋಣ ನನ್ನ ಮೇಲಿದೆ.

ರಾತ್ರಿ ಎಂಟಕ್ಕೆ ಚೇಂಬರಿನ ಬಾಗಿಲು ಮುಚ್ಚಿತು. ಅಮೆರಿಕದ ನೌಕಾಪಡೆಯ ಟೇಬಲ್ 6 ಎಂಬ ಕ್ರಮ. 18 ಮೀಟರ್ ಆಳದಲ್ಲಿರುವಷ್ಟು, ಎಂದರೆ 2.8 ವಾತಾವರಣದ ಒತ್ತಡಕ್ಕೆ ಒಯ್ದು ಆಕ್ಸಿಜನ್ ಕೊಡುತ್ತಾರೆ, ನಡುನಡುವೆ ಐದೈದು ನಿಮಿಷ ಬರೀ ಗಾಳಿ. ಆಮೇಲೆ ನಿಧಾನವಾಗಿ ಒತ್ತಡ ಇಳಿಸುತ್ತಾರೆ. ಒಟ್ಟು 285 ನಿಮಿಷ. ಹೊರಗೆ ಬಂದಾಗ ಮುಷ್ಟಿ ಬಿಗಿಯಾಗುತ್ತಿತ್ತು. ಹೆಬ್ಬೆರಳ ಜೋಮು ಪೂರ್ತಿ ಹೋಗಲು ಇನ್ನೆರಡು ಸಣ್ಣ ಅವಧಿಗಳು ಬೇಕಾದವು. ನಾಲ್ಕನೇ ದಿನ ಕಣ್ಣು ಮುಚ್ಚಿ, ಎದೆಗೆ ಕೈಕಟ್ಟಿ, ಅರವತ್ತು ಸೆಕೆಂಡ್ ಅಲುಗದೆ ನಿಂತ.

ಹೃದಯದ ಎರಡು ಮೇಲ್ಕೋಣೆಗಳ ನಡುವೆ ಹುಟ್ಟಿನಿಂದಲೇ ಪುಟ್ಟ ಕಿಂಡಿ ಉಳಿದವರಲ್ಲಿ ಗುಳ್ಳೆಗಳು ಅಪಧಮನಿಯ ಕಡೆಗೆ ದಾಟಿಬಿಡಬಹುದು. ದೊಡ್ಡವರಲ್ಲಿ ಹತ್ತಿರ ಹತ್ತಿರ ನಾಲ್ವರಲ್ಲಿ ಒಬ್ಬರಿಗೆ ಈ ಕಿಂಡಿ ಇರುತ್ತದೆ. ಅದಕ್ಕೂ ಎಕೋ ಮಾಡಿಸಿದೆವು. ಇವನಿಗೆ ಇರಲಿಲ್ಲ. ಎಂದ ಮೇಲೆ ಉಳಿದದ್ದು ಕಣ್ಣೆದುರು ಇದ್ದವೇ: ಎರಡು ದಿನ ಬಿಡದೆ ಡೈವ್, ಕೊನೆಯಲ್ಲಿ ಅವಸರದ ಏರಿಕೆ, ಬತ್ತಿದ ಮೈ, ಆರು ಗಂಟೆಯೊಳಗೆ ಘಾಟಿ. ಇಂಥ ಲೆಕ್ಕದ ಡೈವ್‌ಗಳಿಂದ ಬೆಂಡ್ಸ್ ಬರುವುದು ಬಹಳ ಅಪರೂಪ. ಅವನ ಜೊತೆಗೇ ಘಾಟಿ ಹತ್ತಿದ ಇನ್ನಿಬ್ಬರಿಗೆ ಏನೂ ಆಗಲಿಲ್ಲ. ಅವರೂ ಅಷ್ಟೇ ತಪ್ಪು ಮಾಡಿದ್ದರು.

ಕಡಮತ್

ಪ್ರವಾಸ ಕೈಬಿಡೋಣ ಎಂದೆ ನಾನು. ಬೇಡ ಎಂದವನು ಅವನೇ. ಡೈವ್ ಮಾಡುವಂತಿರಲಿಲ್ಲ, ಲಗೂನಿನಲ್ಲಿ ಉಸಿರಾಟದ ಕೊಳವೆ (ಸ್ನಾರ್ಕೆಲ್) ಹಾಕಿಕೊಂಡು ತೇಲುತ್ತೇನೆ, ನಿಮ್ಮ ಟೈಮ್‌ಕೀಪರ್ ಆಗಿರುತ್ತೇನೆ ಎಂದ. ಆ ಜನವರಿಯಲ್ಲಿ ಲಕ್ಷದ್ವೀಪ ದೇಶಕ್ಕೆಲ್ಲ ಸುದ್ದಿಯಾಗಿ ಟಿಕೆಟ್ ಸಿಗುವುದೇ ಕಷ್ಟವಾಗಿತ್ತು. ಪೊಲೀಸ್ ಕ್ಲಿಯರೆನ್ಸ್, ಪರ್ಮಿಟ್ ಎಲ್ಲ ಕೈಗೆ ಬಂದು ನಾವು ಹೊರಟದ್ದು 2024ರ ಫೆಬ್ರವರಿ ಕೊನೆಗೆ.

ಈ ಸಲ ವಾಪಸ್ ದಾರಿಯನ್ನು ಮೊದಲು ಬರೆದೆವು, ಡೈವ್‌ಗಳನ್ನು ಆಮೇಲೆ. ಲಕ್ಷದ್ವೀಪದ್ದೇ ಆದ ಅಗತ್ತಿ ದ್ವೀಪದಿಂದ ವಿಮಾನ ಇದೆ, ಒಂದೂವರೆ ಗಂಟೆಯಲ್ಲಿ ಕೊಚ್ಚಿ. ನಾವು ಆರಿಸಿಕೊಂಡದ್ದು ಹಡಗು. ಹದಿನಾರು ಹದಿನೇಳು ಗಂಟೆ ಸಮುದ್ರಮಟ್ಟದಲ್ಲೇ ಇರುವುದು, ನೈಟ್ರೋಜನ್ ಹೊರಹೋಗಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಕೊಚ್ಚಿಯಿಂದ ಮಂಗಳೂರಿಗೆ ರೈಲು, ಅದೂ ಕಡಲಂಚಿನಲ್ಲೇ. ಹೊರಡುವ ಮುಂಚೆ ಫೋನ್ ಮಾಡಿ ಮೂರು ಪ್ರಶ್ನೆ ಕೇಳಿದೆ. ದೋಣಿಯಲ್ಲಿ ಆಕ್ಸಿಜನ್ ಎಷ್ಟು ಲೀಟರ್? ನಾನ್-ರಿಬ್ರೀದರ್ ಮಾಸ್ಕ್ ಇದೆಯೇ? ಯಾರಿಗಾದರೂ ಬೆಂಡ್ಸ್ ಆದರೆ ಎಲ್ಲಿಗೆ, ಹೇಗೆ ಒಯ್ಯುತ್ತೀರಿ? ಅಂಥವರನ್ನು ಹೆಲಿಕಾಪ್ಟರಿನಲ್ಲಿ ಒಯ್ದರೂ ಸಾವಿರ ಅಡಿಯೊಳಗೆ ತಗ್ಗಾಗಿಯೇ ಹಾರಬೇಕು. ಅಲ್ಲಿನವರು ಮೂರಕ್ಕೂ ತಡವರಿಸದೆ ಉತ್ತರ ಕೊಟ್ಟರು. ನಮ್ಮ ನಿಯಮ ನಾವು ಮಾಡಿಕೊಂಡದ್ದು 18 ಮೀಟರ್, ದಿನಕ್ಕೆ ಎರಡು ಡೈವ್, ಎರಡು ದಿನಕ್ಕೊಮ್ಮೆ ಬಿಡುವು.

ಕಡಮತ್ ಸಪೂರ ದ್ವೀಪ, ಒಂದು ದಡದಿಂದ ಇನ್ನೊಂದಕ್ಕೆ ಹತ್ತು ನಿಮಿಷದ ನಡಿಗೆ ಕೂಡ ಆಗುವುದಿಲ್ಲ. ಪಶ್ಚಿಮಕ್ಕೆ ಲಗೂನ್, ಅದರಾಚೆ ಹವಳದ ಅಂಚು, ಅಲ್ಲಿಂದ ನೀಲಿಗೆ ಇಳಿಯುವ ಗೋಡೆ. ಹನ್ನೆರಡು ಮೀಟರಿನಲ್ಲಿ ಉಸಿರು ಹಿಡಿಯದೆ, ಅಲುಗದೆ ತೇಲಿದರೆ ಒಂದು ಸದ್ದು ಕೇಳುತ್ತದೆ. ಕರಕರ, ಕರಕರ. ಗಿಳಿಮೀನು ಹವಳದ ಮೇಲಿನ ಪಾಚಿಯನ್ನು ಕೊಕ್ಕಿನಿಂದ ಕೆರೆದು ತಿನ್ನುವ ಸದ್ದು. ಅದು ಜಗಿದು ಹಿಂದಕ್ಕೆ ಬಿಡುವ ಬಿಳಿಯ ಪುಡಿಯೂ ಸೇರಿಯೇ ಆ ದ್ವೀಪದ ಮರಳು. ನಾನು ಒಂದೇ ಮೀನಿನ ಹಿಂದೆ ಆರೇಳು ನಿಮಿಷ ಇದ್ದೆ. ನಮ್ಮಲ್ಲಿ ಮರಗಸಿ ಮಾಡಿ (ನೆರಳಿನ ಮರಗಳ ಕೊಂಬೆ ಕಡಿದು) ಬಿಟ್ಟ ತೋಟದ ಹಾಗೆ ಸತ್ತ ಕೊಂಬೆಹವಳದ ಬಯಲುಗಳೂ ಸಿಕ್ಕವು. 1998, 2010, 2016ರಲ್ಲಿ ನೀರು ಕಾದು ಹವಳ ಬಿಳಿಚಿಕೊಂಡಾಗ ಲಕ್ಷದ್ವೀಪ ಕಳೆದುಕೊಂಡದ್ದು ಬಹಳ. ಬದುಕಿದ್ದವುಗಳಲ್ಲೂ ಕೆಲವು ಆಗಲೇ ಬಣ್ಣ ಬಿಟ್ಟಿದ್ದವು. ಆ ಮೇ ತಿಂಗಳಲ್ಲಿ, ಲಕ್ಷದ್ವೀಪದಲ್ಲಿ ಹವಳ ದೊಡ್ಡ ಪ್ರಮಾಣದಲ್ಲಿ ಬಿಳಿಚಿದೆ ಎಂದು ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಹೇಳಿದ್ದನ್ನು ಓದಿದಾಗ ಆ ಮೀನಿನ ಸದ್ದು ಕಿವಿಯಲ್ಲಿ ಮತ್ತೆ ಕೇಳಿತು.

ಕೊನೆಯ ಡೈವ್ ಮಂಗಳವಾರ. ಹತ್ತೂವರೆಗೆ ನಾವೆಲ್ಲ ನೀರಿನಿಂದ ಎದ್ದೆವು. ಅವನು ದೋಣಿಯ ಅಂಚಿನಲ್ಲಿ ಕೂತು ಪುಸ್ತಕದಲ್ಲಿ ಒಬ್ಬೊಬ್ಬರ ಹೆಸರಿನ ಮುಂದೆ ಸಮಯ ಬರೆದುಕೊಂಡ, ಎಲ್ಲರಿಗೂ ಒಂದೊಂದು ಬಾಟಲಿ ನೀರು ಕೊಟ್ಟು ಪೂರ್ತಿ ಕುಡಿಸಿದ. ಸಂಜೆ ಹಡಗು. ಬುಧವಾರ ಬೆಳಗ್ಗೆ ಕೊಚ್ಚಿ ಕಾಣುವ ಮೊದಲೇ ನಮ್ಮ ಕೈಗಳ ಮೇಲಿನ ಪುಟ್ಟ ವಿಮಾನಗಳು ಒಂದೊಂದಾಗಿ ಮಾಯವಾದವು. ಆ ರಾತ್ರಿ ಮಂಗಳೂರಿನಲ್ಲಿ ಉಳಿದೆವು.

ಗುರುವಾರ ಉಜಿರೆ ದಾಟಿ ಚಾರ್ಮಾಡಿಯ ಬುಡದಲ್ಲಿ ಕಾರು ನಿಲ್ಲಿಸಿದ. ಘಟ್ಟ ಹತ್ತುವ ಮುಂಚೆ ಫೋನ್ ಮಾಡಬೇಕು ಎಂದು ಅವನ ತಾಯಿ ಮಾತು ತೆಗೆದುಕೊಂಡಿದ್ದರು. ಆ ರಾತ್ರಿ ನಮಗೆಲ್ಲ ಅವರ ಮನೆಯಲ್ಲೇ ಊಟ. ಸ್ಪೀಕರಿನಲ್ಲಿ ಅವರ ದನಿ ನಮಗೂ ಕೇಳುತ್ತಿತ್ತು.

"ಅವರೆಲ್ಲ ನೀರಿಂದ ಎದ್ದು ಎಷ್ಟು ಹೊತ್ತಾಯ್ತು ಮಗಾ?"

ಅವನು ಪುಸ್ತಕ ತೆಗೆದು ನೋಡಿದ. "ನಲವತ್ತೊಂಬತ್ತು ಗಂಟೆ ಅಮ್ಮ."

"ಡಾಕ್ಟ್ರದ್ದೂ ಸೇರಿ?"

"ಡಾಕ್ಟ್ರದ್ದೂ ಸೇರಿ."

"ಹಂಗಾದ್ರೆ ನಿಧಾನಕ್ಕೆ ಬನ್ನಿ. ಹಂಡೆಗೆ ಬೆಂಕಿ ಹಾಕ್ತೀನಿ."